ಉದ್ರಿ ಬಾಕಿಗೆ ಮುಂಬೈಯ ಕಮರ್ಷಿಯಲ್ ಕೋರ್ಟ್: ಚಲನ್‌ನಿಂದ ಜಪ್ತಿಯವರೆಗೆ

ಮುಂಬೈಯಲ್ಲಿ ಉದ್ರಿ ಕೊಟ್ಟು ವ್ಯಾಪಾರ ಮಾಡುವ ನಮ್ಮ ಕನ್ನಡಿಗರು ಬಹಳ ಮಂದಿ ಇದ್ದಾರೆ. ಹೋಟೆಲ್‌ಗೆ ತೆಂಗಿನಕಾಯಿ, ಕಾಫಿ ಪುಡಿ, ಬ್ಯಾಡಗಿ ಮೆಣಸು ಹಾಕುವವರು, ಅಡುಗೆಮನೆಯ ಸ್ಟೀಲ್ ಕೆಲಸ ಮಾಡಿಕೊಡುವವರು, ಕ್ಯಾಟರಿಂಗ್‌ನವರು, ಟೆಂಪೋ ಬಿಡುವವರು. ಎಲ್ಲರ ಹತ್ತಿರವೂ ಬಾರದ ಬಾಕಿ ಒಂದಾದರೂ ಇದ್ದೇ ಇರುತ್ತದೆ. ಮಾಟುಂಗದಲ್ಲೋ ಕುರ್ಲಾದಲ್ಲೋ ಯಾವುದಾದರೂ ಕಾರ್ಯಕ್ರಮದಲ್ಲಿ ಸಿಕ್ಕಾಗ ಅದನ್ನು ಹೇಳಿಕೊಳ್ಳುತ್ತೇವೆ. ಕೊನೆಗೆ "ಕೋರ್ಟ್‌ಗೆ ಹೋದರೆ ಇಪ್ಪತ್ತು ವರ್ಷ ಮಾರಾಯ್ರೇ" ಎಂದು ಬಿಟ್ಟುಬಿಡುತ್ತೇವೆ.

ನಾನೂ ಭಾವನೂ ಸೇರಿ ವಾಶಿ ಮಾರುಕಟ್ಟೆಯಿಂದ ಮೆಣಸು, ಕೊಬ್ಬರಿ, ಕಾಫಿ ಪುಡಿ ತಂದು ಹೋಟೆಲ್‌ಗಳಿಗೆ ಹಾಕುತ್ತೇವೆ. ದಾದರ್‌ನಲ್ಲಿ ಆಫೀಸ್ ಇದ್ದ ಒಂದು ಕ್ಯಾಟರಿಂಗ್ ಕಂಪನಿ ನಮಗೆ 8,60,000 ರೂಪಾಯಿ ಬಾಕಿ ಇಟ್ಟಿತು. ಎರಡು ವರ್ಷ ಫೋನ್ ಮಾಡಿದೆವು, ಬಾಗಿಲಲ್ಲಿ ನಿಂತೆವು. ಆಮೇಲೆ ಕೋರ್ಟ್‌ಗೆ ಹೋದೆವು. ಅಲ್ಲಿ ಕಲಿತದ್ದನ್ನು ಬರೆಯುತ್ತಿದ್ದೇನೆ, ಯಾಕೆಂದರೆ ಇದರಲ್ಲಿ ಅರ್ಧ ಮೊದಲೇ ಗೊತ್ತಿದ್ದರೆ ನಮ್ಮ ಒಂದು ವರ್ಷ ಉಳಿಯುತ್ತಿತ್ತು. ನಾನು ವಕೀಲನಲ್ಲ. ದಾವೆ ಬರೆಯುವ ಕೆಲಸ ವಕೀಲರದೇ. ಆದರೆ ವಕೀಲರ ಮುಂದೆ ಕೂರುವ ಮೊದಲು ನಮ್ಮ ಕೈಯಲ್ಲಿ ಏನಿರಬೇಕು ಎನ್ನುವುದು ನಮಗೇ ಗೊತ್ತಿರಬೇಕು, ಅಲ್ವಾ?

ಇದು ಯಾವ ಕೋರ್ಟ್

2015ರಲ್ಲಿ ಕಮರ್ಷಿಯಲ್ ಕೋರ್ಟ್ಸ್ ಕಾಯ್ದೆ ಬಂತು. ಮೊದಲು 1 ಕೋಟಿ ರೂಪಾಯಿ ಮತ್ತು ಅದಕ್ಕಿಂತ ದೊಡ್ಡ ಜಗಳಗಳಿಗೆ ಮಾತ್ರ ಇತ್ತು. ನಮ್ಮಂಥವರಿಗೆ ಅದರಿಂದ ಏನೂ ಉಪಯೋಗ ಇರಲಿಲ್ಲ. 2018ರಲ್ಲಿ ಆ ಮಿತಿಯನ್ನು 3 ಲಕ್ಷಕ್ಕೆ ಇಳಿಸಿದರು. ಚಿಕ್ಕ ವ್ಯಾಪಾರಿಗೆ ಬಾಗಿಲು ತೆರೆದದ್ದು ಆಗ.

ಈ 3 ಲಕ್ಷವನ್ನು ಲೆಕ್ಕ ಹಾಕುವಾಗ ಅಸಲು ಮಾತ್ರ ಅಲ್ಲ, ದಾವೆ ಹಾಕುವ ದಿನದವರೆಗಿನ ಬಡ್ಡಿಯೂ ಸೇರುತ್ತದೆ. ಅಂದರೆ 2,70,000 ಅಸಲಿಗೆ ವರ್ಷಕ್ಕೆ 12 ಶೇಕಡಾ ಬಡ್ಡಿ ಒಪ್ಪಂದದಲ್ಲೇ ಇದ್ದರೆ, ಒಂದು ವರ್ಷಕ್ಕೆ 32,400 ಸೇರಿ 3,02,400 ಆಗುತ್ತದೆ. ಆ ದಾವೆ ಇಲ್ಲಿಗೆ ಬರುತ್ತದೆ. 3 ಲಕ್ಷಕ್ಕಿಂತ ಕಡಿಮೆಯಾದರೆ ಸಾಮಾನ್ಯ ಸಿವಿಲ್ ದಾವೆ.

ಮೊತ್ತ ಮಾತ್ರ ನೋಡಿದರೆ ಸಾಲದು, ಜಗಳ ವ್ಯಾಪಾರದ್ದೇ ಆಗಿರಬೇಕು. ಕಾಯ್ದೆಯಲ್ಲಿ ಅದರ ಪಟ್ಟಿಯೇ ಇದೆ. ಸರಕಿನ ಮಾರಾಟ, ಸೇವೆ ಒದಗಿಸುವ ಒಪ್ಪಂದ, ಏಜೆನ್ಸಿ, ಫ್ರಾಂಚೈಸಿ, ಪಾಲುದಾರಿಕೆ, ಕಟ್ಟಡ ಕಂಟ್ರಾಕ್ಟ್, ಆಮದು ರಫ್ತು, ಟ್ರೇಡ್‌ಮಾರ್ಕ್, ವಿಮೆ, ಇವೆಲ್ಲ ಅದರಲ್ಲಿವೆ. ಗೆಳೆಯನಿಗೆ ಕಷ್ಟಕಾಲದಲ್ಲಿ ಕೊಟ್ಟ ಕೈಗಡ ಇದರಲ್ಲಿ ಬರುವುದಿಲ್ಲ, ಅವನು ಹೋಟೆಲ್ ನಡೆಸುವವನಾದರೂ ಅಷ್ಟೇ. ಅಂಗಡಿ ಬಾಡಿಗೆಗೆ ಕೊಟ್ಟವರ, ಪಡೆದವರ ಜಗಳಕ್ಕೆ ಮುಂಬೈಯಲ್ಲಿ ಸ್ಮಾಲ್ ಕಾಸಸ್ ಕೋರ್ಟ್ ಎಂದು ಬೇರೆಯೇ ಇದೆ.

ಜಾಗ ಎಲ್ಲಿ? ಮುಂಬೈಯೊಳಗಿನ ನಮ್ಮಂಥ ಮೊತ್ತಕ್ಕೆ ಸಿಟಿ ಸಿವಿಲ್ ಕೋರ್ಟ್. ಮುಖ್ಯ ಕಟ್ಟಡ ಫೋರ್ಟ್‌ನಲ್ಲಿ, ಓವಲ್ ಮೈದಾನದ ಎದುರು, ಯೂನಿವರ್ಸಿಟಿಯ ಸಾಲಿನಲ್ಲೇ. ಚರ್ಚ್‌ಗೇಟ್‌ನಲ್ಲಿ ಇಳಿದು ನಡೆದುಕೊಂಡೇ ಹೋಗಬಹುದು. ಉಪನಗರದವರಿಗೆ ದಿಂಡೋಶಿಯಲ್ಲಿ ಇನ್ನೊಂದು ಶಾಖೆ ಇದೆ. ಕೋಟಿಗಟ್ಟಲೆ ದೊಡ್ಡ ಮೊತ್ತವಾದರೆ ಬಾಂಬೆ ಹೈಕೋರ್ಟ್‌ನ ಕಮರ್ಷಿಯಲ್ ಡಿವಿಷನ್. ಠಾಣೆ, ಡೊಂಬಿವಲಿ ಕಡೆಯ ಜಗಳ ಠಾಣೆ ಜಿಲ್ಲೆಯ ಕೋರ್ಟ್‌ಗೆ, ಪುಣೆಯದು ಶಿವಾಜಿನಗರದ ಜಿಲ್ಲಾ ಕೋರ್ಟ್‌ಗೆ, ಗೋವಾದ್ದು ಅಲ್ಲಿನ ಜಿಲ್ಲಾ ಕೋರ್ಟ್‌ಗೆ ಹೋಗುತ್ತದೆ. ಕಾಯ್ದೆ ಎಲ್ಲ ಕಡೆ ಒಂದೇ. ಎದುರಿನವರು ಎಲ್ಲಿ ವ್ಯಾಪಾರ ಮಾಡುತ್ತಾರೆ, ಸಾಮಾನು ಎಲ್ಲಿ ಇಳಿಯಿತು, ಹಣ ಎಲ್ಲಿ ಬರಬೇಕಿತ್ತು ಎನ್ನುವುದರ ಮೇಲೆ ಊರು ತೀರ್ಮಾನವಾಗುತ್ತದೆ. ಬಿಲ್ಲಿನ ಕೆಳಗೆ "ಮುಂಬೈ ಕೋರ್ಟ್ ವ್ಯಾಪ್ತಿ ಮಾತ್ರ" ಎಂದು ಅಚ್ಚು ಹಾಕಿಸುತ್ತೇವಲ್ಲ, ವ್ಯವಹಾರಕ್ಕೂ ಮುಂಬೈಗೂ ಸಂಬಂಧ ಇದ್ದರೆ ಅದು ಸಹಾಯ ಮಾಡುತ್ತದೆ. ಸಂಬಂಧವೇ ಇಲ್ಲದಿದ್ದರೆ ಆ ಅಚ್ಚಿನಿಂದ ಕೋರ್ಟ್‌ಗೆ ಅಧಿಕಾರ ಬರುವುದಿಲ್ಲ.

ಮೊದಲು ಇವನ್ನು ನೋಡಿಕೊಳ್ಳಿ

ಕಾಲಮಿತಿ 3 ವರ್ಷ. ಉದ್ರಿಗೆ ಇಂತಿಷ್ಟು ದಿನ ಎಂದು ಗೊತ್ತು ಮಾಡಿದ್ದರೆ ಆ ಮುದ್ದತ್ತು ಮುಗಿದ ದಿನದಿಂದ, ಗೊತ್ತು ಮಾಡಿರದಿದ್ದರೆ ಸಾಮಾನು ಕೊಟ್ಟ ದಿನದಿಂದ ಲೆಕ್ಕ ಶುರು. ಪ್ರತಿ ಬಿಲ್ಲಿಗೂ ಬೇರೆ ಬೇರೆ. ಹಾಗಾಗಿ ಹಳೆಯ ಬಿಲ್ಲುಗಳು ಒಂದೊಂದೇ ಸಾಯುತ್ತಾ ಹೋಗುತ್ತವೆ. "ನಾಳೆ ಕೊಡ್ತೇನೆ, ಗಣೇಶ ಹಬ್ಬ ಆಗಲಿ, ದೀಪಾವಳಿ ಆಗಲಿ" ಎನ್ನುವ ಬಾಯಿಮಾತಿನಿಂದ ಈ ಗಡಿಯಾರ ನಿಲ್ಲುವುದಿಲ್ಲ. ಬರವಣಿಗೆಯಲ್ಲಿ, ಸಹಿ ಹಾಕಿ, ಬಾಕಿ ಇದೆ ಎಂದು ಒಪ್ಪಿಕೊಂಡರೆ ಆ ದಿನದಿಂದ ಮತ್ತೆ 3 ವರ್ಷ ಸಿಗುತ್ತದೆ. ಅದೂ ಹಳೆಯ 3 ವರ್ಷ ಮುಗಿಯುವ ಮೊದಲೇ ಸಹಿ ಆಗಿರಬೇಕು. ಚೆಕ್ ಮೂಲಕ ಒಂದು ಕಂತು ಬಂದರೂ ಹೀಗೇ ಲಾಭ ಇದೆ.

ಆದ್ದರಿಂದ ಪ್ರತಿ ಏಪ್ರಿಲ್‌ನಲ್ಲಿ ಎಲ್ಲ ಗಿರಾಕಿಗಳಿಗೂ "ಮಾರ್ಚ್ 31ಕ್ಕೆ ನಿಮ್ಮ ಖಾತೆಯಲ್ಲಿ ಇಷ್ಟು ಬಾಕಿ" ಎಂದು ಒಂದು ಪುಟ ಕಳಿಸಿ, ಸಹಿ ಸೀಲು ಹಾಕಿಸಿಕೊಳ್ಳಿ. ಆಡಿಟರ್ ಕೇಳಿದ್ದಾರೆ ಎಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಈ ಒಂದು ಕಾಗದಕ್ಕಿಂತ ಹೆಚ್ಚು ಉಪಯೋಗದ್ದು ನಮ್ಮ ವ್ಯಾಪಾರದಲ್ಲಿ ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ.

ಎರಡನೆಯದು, ನಿಮ್ಮ ಫರ್ಮ್ ರಿಜಿಸ್ಟರ್ ಆಗಿದೆಯಾ? ಪಾಲುದಾರಿಕೆ ಪತ್ರ ಸ್ಟಾಂಪ್ ಪೇಪರಿನ ಮೇಲೆ ಮಾಡಿಸಿ, ಪ್ಯಾನ್, ಜಿಎಸ್‌ಟಿ ಎಲ್ಲ ತೆಗೆದುಕೊಂಡು, ಎಲ್ಲ ಆಯಿತು ಎಂದು ನಾವು ಕೂತಿದ್ದೆವು. ಅದು ಬೇರೆ, ರಿಜಿಸ್ಟ್ರಾರ್ ಆಫ್ ಫರ್ಮ್ಸ್‌ನಲ್ಲಿ ನೋಂದಣಿ ಬೇರೆ. 1932ರ ಪಾಲುದಾರಿಕೆ ಕಾಯ್ದೆಯ ಸೆಕ್ಷನ್ 69ರ ಪ್ರಕಾರ, ನೋಂದಣಿ ಇಲ್ಲದ ಫರ್ಮ್ ಒಪ್ಪಂದದ ಹಣಕ್ಕಾಗಿ ಹೊರಗಿನವರ ಮೇಲೆ ದಾವೆ ಹಾಕುವಂತಿಲ್ಲ. ನಮ್ಮ ವಕೀಲರು ಧಾರವಾಡದ ಕಡೆಯವರು. ಮೊದಲ ದಿನವೇ ಅವರು ಹೇಳಿದ್ದು ಇದು: "ದಾವೆ ಹಾಕೋ ದಿನಾನ ಫರ್ಮ್ ರಿಜಿಸ್ಟರ್ ಆಗಿರಬೇಕ್ರಿ. ಆಮ್ಯಾಲೆ ಮಾಡಿಸಿದ್ರ ನಡಿಯೂದಿಲ್ಲ." ಹಾಗಾಗಿ ನಾವು ಮೊದಲು ನೋಂದಣಿ ಮಾಡಿಸಿ, ಅದರಲ್ಲಿ ಇಬ್ಬರ ಹೆಸರೂ ಬಂದ ಮೇಲೆ ಮುಂದೆ ಹೋದೆವು. ಒಬ್ಬರೇ ಮಾಲೀಕರಾದರೆ ಈ ತೊಂದರೆ ಇಲ್ಲ, ಆದರೆ ದಾವೆ ಅಂಗಡಿಯ ಹೆಸರಿನಲ್ಲಿ ಅಲ್ಲ, ನಿಮ್ಮ ಸ್ವಂತ ಹೆಸರಿನಲ್ಲಿ ಇರಬೇಕು.

ಒಪ್ಪಂದದಲ್ಲಿ ಆರ್ಬಿಟ್ರೇಶನ್ (ಕೋರ್ಟ್‌ನ ಹೊರಗೆ ಪಂಚರಿಂದ ತೀರ್ಪು) ಎಂಬ ಮಾತು ಇದ್ದರೆ ಎದುರಿನವರು ಅದನ್ನೇ ತೋರಿಸಿ ಕೇಸನ್ನು ಅಲ್ಲಿಗೆ ಕಳಿಸಬಹುದು. ದೊಡ್ಡ ಕಂಪನಿಗಳ ಪರ್ಚೇಸ್ ಆರ್ಡರಿನ ಹಿಂಬದಿಯಲ್ಲಿ ಚಿಕ್ಕ ಅಕ್ಷರದಲ್ಲಿ ಇದು ಇರುತ್ತದೆ, ತಿರುಗಿಸಿ ಓದಿ.

ನೀವು ಸಾಮಾನು ತಯಾರಿಸುವವರೋ ಸೇವೆ ಕೊಡುವವರೋ ಆಗಿದ್ದು, ಉದ್ಯಮ್ ನೋಂದಣಿ ಮೊದಲೇ ಮಾಡಿಸಿದ ಸಣ್ಣ ಉದ್ದಿಮೆಯಾಗಿದ್ದರೆ 2006ರ ಎಂಎಸ್‌ಎಂಇ ಕಾಯ್ದೆಯ ದಾರಿಯೂ ಇದೆ. ಖರೀದಿದಾರ ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು. ಕೊಡದಿದ್ದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಆ ಕಾಯ್ದೆಯಡಿಯ ಫೆಸಿಲಿಟೇಶನ್ ಕೌನ್ಸಿಲ್ ಎಂಬ ಮಂಡಳಿಗೆ ಹೋಗುತ್ತದೆ. ಸ್ಟೀಲ್ ಕೆಲಸದವರು, ಕ್ಯಾಟರಿಂಗ್‌ನವರು ಇದನ್ನು ಮೊದಲು ನೋಡಿ. ನಮ್ಮ ಹಾಗೆ ತಂದು ಮಾರುವ ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿ ಸಿಗುತ್ತದೆ, ಆದರೆ ಬ್ಯಾಂಕ್ ಸಾಲದ ಸೌಲಭ್ಯಕ್ಕೆ ಮಾತ್ರ. ಈ ಬಡ್ಡಿಯ ಹಕ್ಕು ಇಲ್ಲ.

ಚೆಕ್ ಬೌನ್ಸ್ ಆಗಿದ್ದರೆ ಅದು ಬೇರೆ ಕ್ರಿಮಿನಲ್ ಕೇಸು. ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ನೋಟಿಸ್, ಅವರಿಗೆ ಕೊಡಲು 15 ದಿನ, ಅದು ಮುಗಿದ ಮೇಲೆ ಒಂದು ತಿಂಗಳೊಳಗೆ ದೂರು. ಎರಡನ್ನೂ ಒಟ್ಟಿಗೆ ನಡೆಸಬಹುದು.

ಕಾಗದ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಈ ಕೋರ್ಟ್‌ಗೂ ಉಳಿದ ಸಿವಿಲ್ ಕೋರ್ಟ್‌ಗಳಿಗೂ ಇರುವ ದೊಡ್ಡ ವ್ಯತ್ಯಾಸ ಇದೇ.

ಸಾಮಾನ್ಯ ದಾವೆಯಲ್ಲಿ ಮೊದಲು ಹಾಕಿಬಿಡೋಣ, ಕಾಗದ ಆಮೇಲೆ ಹುಡುಕೋಣ ಎನ್ನುವವರು ಜಾಸ್ತಿ. ಇಲ್ಲಿ ಅದು ನಡೆಯುವುದಿಲ್ಲ. ನಿಮ್ಮ ಕೈಯಲ್ಲಿರುವ, ಈ ವ್ಯವಹಾರಕ್ಕೆ ಸೇರಿದ ಎಲ್ಲ ದಾಖಲೆಯನ್ನೂ ದಾವೆಯ ಜೊತೆಗೇ ಕೊಡಬೇಕು. ನಿಮಗೆ ಅನುಕೂಲವಾದದ್ದು ಮಾತ್ರ ಅಲ್ಲ, ಅನುಕೂಲ ಇಲ್ಲದ್ದೂ ಸೇರಿಸಿ. ಎಲ್ಲ ಕೊಟ್ಟಿದ್ದೇನೆ, ಬೇರೆ ಏನೂ ನನ್ನ ಹತ್ತಿರ ಇಲ್ಲ ಎಂದು ಪ್ರಮಾಣ ಮಾಡಬೇಕು. ತುರ್ತಾಗಿ ದಾವೆ ಹಾಕುವಾಗ ಉಳಿದದ್ದನ್ನು ಆಮೇಲೆ ಕೊಡುತ್ತೇನೆ ಎಂದು ಕೇಳಿಕೊಂಡರೆ 30 ದಿನ ಸಿಗುತ್ತದೆ. ಅದೂ ದಾಟಿದರೆ ಕೋರ್ಟ್‌ನ ಅನುಮತಿ ಬೇಕು, ಮೊದಲೇ ಯಾಕೆ ಕೊಡಲಿಲ್ಲ ಎನ್ನುವುದಕ್ಕೆ ಸರಿಯಾದ ಕಾರಣ ಬೇಕು.

ಇದರಲ್ಲೇ ನಾವು ಪೆಟ್ಟು ತಿಂದದ್ದು. ನಮ್ಮ ಟೆಂಪೋದ ಹುಡುಗನ ಹತ್ತಿರ ಒಂದು ನೋಟ್‌ಬುಕ್ ಇತ್ತು, ಸಾಮಾನು ಇಳಿಸಿದ ಕೂಡಲೇ ಆ ಕಂಪನಿಯ ಸ್ಟೋರ್‌ನವರು ಅದರಲ್ಲಿ ಸಹಿ ಹಾಕುತ್ತಿದ್ದರು. ಹುಡುಗ ಕೆಲಸ ಬಿಟ್ಟು ಊರಿಗೆ ಹೋಗಿದ್ದ, ನೋಟ್‌ಬುಕ್ಕಿನ ನೆನಪೇ ನಮಗೆ ಇರಲಿಲ್ಲ. ದಾವೆ ಹಾಕಿ ನಾಲ್ಕು ತಿಂಗಳಾದ ಮೇಲೆ ಗೋಡೌನ್ ಸಾರಿಸುವಾಗ ಗೋಣಿಚೀಲದ ಕೆಳಗೆ ಸಿಕ್ಕಿತು. ಅದನ್ನು ಸೇರಿಸಲು ಬೇರೆ ಅರ್ಜಿ, ಬೇರೆ ಅಫಿಡವಿಟ್, ಎದುರಿನವರ ಆಕ್ಷೇಪ, ಮೂರು ತಾರೀಖು. ಕೊನೆಗೆ ಕೋರ್ಟ್ ಒಪ್ಪಿತು, ಆದರೆ ಒಪ್ಪದೇ ಇರುವ ಅಧಿಕಾರವೂ ಅದಕ್ಕೆ ಇತ್ತು.

ಹಾಗಾದರೆ ಏನೇನು ಒಟ್ಟು ಮಾಡಬೇಕು? ಆರ್ಡರ್ ಬಂದದ್ದು ಹೇಗೆ ಎಂದು ತೋರಿಸುವ ಕಾಗದ ಅಥವಾ ಮೆಸೇಜ್. ಪ್ರತಿ ಬಿಲ್ಲಿನ ಪ್ರತಿ. ಬಿಲ್ಲಿಗಿಂತ ಮುಖ್ಯವಾಗಿ ಚಲನ್, ಅಂದರೆ ಸಾಮಾನಿನ ಜೊತೆ ಹೋಗುವ ಚೀಟಿ, ಅದರ ಮೇಲೆ ತೆಗೆದುಕೊಂಡವರ ಸಹಿ, ಹೆಸರು, ಸೀಲು, ತಾರೀಖು. ಸುಮ್ನೆ ಗೀಚಿದ ಸಹಿ ಆದರೆ ಅದು ಯಾರದ್ದು ಎಂದು ಆಮೇಲೆ ಹೇಳುವವರಿಲ್ಲ. ನಿಮ್ಮ ಲೆಡ್ಜರಿನಲ್ಲಿ ಅವರ ಖಾತೆ. ಅವರಿಂದ ಬಂದ ಹಣದ ಬ್ಯಾಂಕ್ ಸ್ಟೇಟ್‌ಮೆಂಟ್. ಇ-ವೇ ಬಿಲ್ ಇದ್ದರೆ ಅದು. ಜಿಎಸ್‌ಟಿ ರಿಟರ್ನಿನಲ್ಲಿ ನೀವು ಆ ಬಿಲ್ ತೋರಿಸಿದ ದಾಖಲೆ. ಎದುರಿನವರು ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕೊಟ್ಟ ಜಿಎಸ್‌ಟಿಯನ್ನು ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಪಡೆಯುವ ವ್ಯಾಪಾರದವರಾಗಿ, ನಿಮ್ಮ ಬಿಲ್ಲಿನ ಮೇಲೆ ಕ್ರೆಡಿಟ್ ತೆಗೆದುಕೊಂಡಿದ್ದರೆ, ಸಾಮಾನೇ ಬರಲಿಲ್ಲ ಎಂದು ಹೇಳುವುದು ಅವರಿಗೆ ಬಹಳ ಕಷ್ಟ. ಅಂಥ ಖರೀದಿದಾರ 180 ದಿನದೊಳಗೆ ನಿಮಗೆ ಹಣ ಕೊಡದಿದ್ದರೆ ಆ ಕ್ರೆಡಿಟ್ ವಾಪಸು ಕಟ್ಟಬೇಕು ಎಂಬ ನಿಯಮವೂ ಇದೆ. ನೋಟಿಸಿನಲ್ಲಿ ಅದನ್ನು ಬರೆಯಿಸಿ. ಹೋಟೆಲ್‌ಗಳ ವಿಷಯದಲ್ಲಿ ಇದು ಅಷ್ಟು ಉಪಯೋಗಕ್ಕೆ ಬಾರದು, ಯಾಕೆಂದರೆ 5 ಶೇಕಡಾ ಜಿಎಸ್‌ಟಿ ಹಾಕುವ ಹೋಟೆಲ್‌ಗಳಿಗೆ ಕ್ರೆಡಿಟ್ ಇಲ್ಲ.

ವಾಟ್ಸಾಪ್ ಕೂಡ ಸಾಕ್ಷ್ಯವೇ. "ಅಣ್ಣಾ, ಮುಂದಿನ ವಾರ ಎರಡು ಲಕ್ಷ ಹಾಕ್ತೇನೆ" ಎಂದು ಅವರು ಕಳಿಸಿದ ಒಂದು ಸಾಲಿಗೆ ಬಹಳ ಬೆಲೆ. ಆದರೆ ಸ್ಕ್ರೀನ್‌ಶಾಟ್ ಪ್ರಿಂಟ್ ತೆಗೆದು ಕೊಟ್ಟರೆ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಸರ್ಟಿಫಿಕೇಟ್ ಅದರ ಜೊತೆ ಬೇಕು. ಅದರಲ್ಲಿ ಎರಡು ಭಾಗ. ಒಂದನ್ನು ನೀವು ತುಂಬಬೇಕು, ಇನ್ನೊಂದನ್ನು ತಜ್ಞರು ತುಂಬಬೇಕು. ಆ ಫೋನನ್ನು ಮಾರಬೇಡಿ, ಚಾಟ್ ಅಳಿಸಬೇಡಿ. ಭಾವ ಹೊಸ ಫೋನ್ ತೆಗೆದುಕೊಳ್ಳುವಾಗ ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಡಲು ಹೊರಟಿದ್ದರು, ವಕೀಲರು ಸಮಯಕ್ಕೆ ಸರಿಯಾಗಿ ತಡೆದರು.

ಇನ್ನೊಂದು ನಮ್ಮವರಿಗೇ ಇರುವ ವಿಷಯ. ನಮ್ಮ ಎಷ್ಟೋ ಮಂದಿಯ ಖಾತೆ ಪುಸ್ತಕ ಈಗಲೂ ಕನ್ನಡದಲ್ಲಿದೆ. ಅದು ತಪ್ಪಲ್ಲ, ಸಾಕ್ಷ್ಯವಾಗಿ ಅದು ನಡೆಯುತ್ತದೆ. ಆದರೆ ಇಲ್ಲಿನ ಸಿಟಿ ಸಿವಿಲ್ ಕೋರ್ಟ್‌ನ ಕೆಲಸ ಇಂಗ್ಲಿಷಿನಲ್ಲಿ. ಆ ಪುಟಗಳ ಅನುವಾದ ಮಾಡಿಸಿ ಜೊತೆಗೆ ಇಡಬೇಕು. ಮುಂಬೈಯಲ್ಲಿ ಕನ್ನಡ ಓದಿ ಅನುವಾದ ಮಾಡುವವರನ್ನು ಹುಡುಕಲು ಸಮಯ ಹಿಡಿಯುತ್ತದೆ, ಮೊದಲೇ ಶುರು ಮಾಡಿ.

ಎಲ್ಲವನ್ನೂ ತಾರೀಖಿನ ಕ್ರಮದಲ್ಲಿ ಜೋಡಿಸಿ ಒಂದು ಫೈಲ್ ಮಾಡಿ. ಒಂದು ಹಾಳೆಯಲ್ಲಿ ಬಿಲ್ ನಂಬರ್, ತಾರೀಖು, ಮೊತ್ತ, ಬಂದದ್ದು, ಉಳಿದದ್ದು ಬರೆಯಿರಿ. ನಾನು ವಕೀಲರ ಮುಂದೆ ಅರ್ಧ ಗಂಟೆ ಆ ಕಂಪನಿಯವರು ಹೇಗೆಲ್ಲ ಸತಾಯಿಸಿದರು ಎಂದು ಹೇಳಿದೆ. ಅವರು ಸಮಾಧಾನದಿಂದ ಕೇಳಿ, "ನಿಮ್ಮ ಸಂಕಟ ಗೊತ್ತಾತ್ರಿ, ಈಗ ಕಾಗದ ಏನ್ ಹೇಳತಾವ ನೋಡೋಣು" ಎಂದರು. ಆ ಹಾಳೆ ಕೊಟ್ಟ ಮೇಲೆ ಕೆಲಸ ಶುರುವಾಯಿತು.

ನೋಟಿಸ್, ಆಮೇಲೆ ಮಧ್ಯಸ್ಥಿಕೆ

ಮೊದಲು ವಕೀಲರ ನೋಟಿಸ್. ಇದರಲ್ಲಿ ಬಡ್ಡಿ ಕೇಳಲು ಮರೆಯಬೇಡಿ. ಬಿಲ್ಲಿನಲ್ಲೋ ಒಪ್ಪಂದದಲ್ಲೋ ಬಡ್ಡಿಯ ಮಾತು ಇಲ್ಲದಿದ್ದರೆ, ಬಡ್ಡಿ ಕೇಳುತ್ತೇವೆ ಎಂದು ಬರವಣಿಗೆಯಲ್ಲಿ ತಿಳಿಸಿದ ದಿನದಿಂದ ಅದನ್ನು ಕೇಳಲು 1978ರ ಬಡ್ಡಿ ಕಾಯ್ದೆ ಅವಕಾಶ ಕೊಡುತ್ತದೆ.

ನೋಟಿಸ್‌ಗೆ ಜಗ್ಗದಿದ್ದರೆ ನೇರ ದಾವೆ ಹಾಕುವಂತಿಲ್ಲ. ಕಮರ್ಷಿಯಲ್ ಕೋರ್ಟ್ಸ್ ಕಾಯ್ದೆಯ ಸೆಕ್ಷನ್ 12ಎ ಪ್ರಕಾರ ಮೊದಲು ಮಧ್ಯಸ್ಥಿಕೆಗೆ ಅರ್ಜಿ ಹಾಕಲೇಬೇಕು. 2022ರ ಆಗಸ್ಟ್‌ನಲ್ಲಿ ಪಾಟೀಲ್ ಆಟೊಮೇಶನ್ ಎಂಬ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಡ್ಡಾಯ ಎಂದಿತು. ಆ ವರ್ಷದ ಆಗಸ್ಟ್ 20ರಿಂದ ಈಚೆಗೆ ಮಧ್ಯಸ್ಥಿಕೆ ಬಿಟ್ಟು ಹಾಕಿದ ದಾವೆಯನ್ನು ಕೋರ್ಟ್ ಅಲ್ಲೇ ತಿರಸ್ಕರಿಸುತ್ತದೆ. ತುರ್ತು ತಡೆಯಾಜ್ಞೆ ಬೇಕಾದ ಕೇಸಿಗೆ ಮಾತ್ರ ವಿನಾಯಿತಿ. ಹಾಗಂತ ಮಧ್ಯಸ್ಥಿಕೆ ತಪ್ಪಿಸಿಕೊಳ್ಳಲು ಸುಮ್ನೆ ಒಂದು ತುರ್ತು ಅರ್ಜಿ ಸೇರಿಸಿದರೆ ನಡೆಯದು, ತುರ್ತು ನಿಜವಾ ಎಂದು ಕೋರ್ಟ್ ನೋಡಬೇಕು ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಅರ್ಜಿ ಹೋಗುವುದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. 2018ರ ನಿಯಮದಂತೆ ಫಾರಂ 1 ತುಂಬಿ 1,000 ರೂಪಾಯಿ ಫೀ ಕಟ್ಟಬೇಕು. ಅವರು ಎದುರಿನವರಿಗೆ ನೋಟಿಸ್ ಕಳಿಸುತ್ತಾರೆ, ಉತ್ತರ ಇಲ್ಲದಿದ್ದರೆ ಇನ್ನೊಂದು ಕೊನೆಯ ನೋಟಿಸ್. ಆಗಲೂ ಬಾರದಿದ್ದರೆ ನಾನ್-ಸ್ಟಾರ್ಟರ್ ರಿಪೋರ್ಟ್, ಅಂದರೆ ಮಧ್ಯಸ್ಥಿಕೆ ಶುರುವಾಗಲೇ ಇಲ್ಲ ಎಂಬ ವರದಿ, ಕೊಡುತ್ತಾರೆ. ಅದನ್ನು ಹಿಡಿದುಕೊಂಡು ದಾವೆ ಹಾಕಬಹುದು. ನಮಗೆ ಆದದ್ದು ಹೀಗೆಯೇ. ನೋಟಿಸ್ ತೆಗೆದುಕೊಂಡರು, ಬರಲಿಲ್ಲ.

ಬಂದರೆ ಮಧ್ಯಸ್ಥಗಾರರ ಫೀ ಇದೆ. 3 ಲಕ್ಷದಿಂದ 10 ಲಕ್ಷದವರೆಗಿನ ಜಗಳಕ್ಕೆ 15,000, 50 ಲಕ್ಷದವರೆಗೆ 30,000, ಹೀಗೆ ಏರುತ್ತದೆ. ಇಬ್ಬರೂ ಅರ್ಧರ್ಧ ಕೊಡಬೇಕು. 3 ತಿಂಗಳಲ್ಲಿ ಮುಗಿಯಬೇಕು, ಇಬ್ಬರೂ ಒಪ್ಪಿದರೆ ಇನ್ನೂ 2 ತಿಂಗಳು. ಅಷ್ಟೂ ದಿನ ಕಾಲಮಿತಿಯ ಲೆಕ್ಕದಲ್ಲಿ ಸೇರುವುದಿಲ್ಲ. ಅಲ್ಲಿ ಆದ ರಾಜಿಗೆ ಆರ್ಬಿಟ್ರೇಶನ್ ತೀರ್ಪಿನಷ್ಟೇ ಬಲ. ಸಹಿ ಹಾಕಿ ಮತ್ತೆ ಕೈಕೊಟ್ಟರೆ ಹೊಸ ದಾವೆ ಬೇಡ, ನೇರ ವಸೂಲಿಗೆ ಹೋಗಬಹುದು.

ಎದುರಿನವರು ಬಂದು ಕೂತರೆ ದಯವಿಟ್ಟು ಮನಸ್ಸಿಟ್ಟು ಮಾತಾಡಿ. ಈ ಊರಿನಲ್ಲಿ ನಮ್ಮ ವ್ಯಾಪಾರ ನಡೆಯುವುದು ಪರಿಚಯದ ಮೇಲೆ. ಆರು ಕಂತಿನಲ್ಲಿ ಕೊಡುತ್ತೇನೆ, ಬಡ್ಡಿ ಬಿಡಿ ಎಂದರೆ ನಾನಂತೂ ಒಪ್ಪುತ್ತಿದ್ದೆ. ಅಲ್ಲಿ ಆಡಿದ ಮಾತು ಗುಟ್ಟಾಗಿ ಉಳಿಯುತ್ತದೆ, ಕೋರ್ಟ್‌ನಲ್ಲಿ ನಿಮ್ಮ ವಿರುದ್ಧ ಬಳಸುವಂತಿಲ್ಲ.

ದಾವೆ

ದಾವೆಯಲ್ಲಿ ಬಡ್ಡಿಯ ಲೆಕ್ಕವನ್ನು ಬಿಡಿಸಿ ಬರೆಯಬೇಕು. ಯಾವ ದರ, ಯಾವ ಆಧಾರ, ಯಾವ ದಿನದಿಂದ, ಇವತ್ತಿಗೆ ಎಷ್ಟು. ಜೊತೆಗೆ ಬರೆದದ್ದೆಲ್ಲ ನಿಜ ಎಂದು ಪ್ರಮಾಣ ಮಾಡುವ ಸ್ಟೇಟ್‌ಮೆಂಟ್ ಆಫ್ ಟ್ರುತ್ ಎಂಬ ಅಫಿಡವಿಟ್ ಇರಬೇಕು. ಅದಿಲ್ಲದಿದ್ದರೆ ದಾವೆಯಲ್ಲಿ ಬರೆದದ್ದನ್ನು ಆಧಾರವಾಗಿ ಬಳಸಲು ಆಗುವುದಿಲ್ಲ, ಕೋರ್ಟ್ ದಾವೆಯನ್ನೇ ತೆಗೆದುಹಾಕಬಹುದು. ವಕೀಲರು ಕೊಟ್ಟ ಕಡೆಯಲ್ಲೆಲ್ಲ ಕಣ್ಣು ಮುಚ್ಚಿ ಸಹಿ ಹಾಕಬೇಡಿ, ಪ್ರಮಾಣ ಮಾಡುತ್ತಿರುವುದು ನೀವು. ನಾಳೆ ಪಾಟೀಸವಾಲಿಗೆ ನಿಲ್ಲುವವರೂ ನೀವೇ. ಕೋರ್ಟ್ ಫೀ ದಾವೆಯ ಮೊತ್ತದ ಮೇಲೆ. ಮಹಾರಾಷ್ಟ್ರದಲ್ಲಿ ಅದರ ಗರಿಷ್ಠ ಮಿತಿ 10 ಲಕ್ಷ, ನಮ್ಮ ಮಟ್ಟದ ದಾವೆಗೆ ಅಷ್ಟೆಲ್ಲ ಬರುವುದಿಲ್ಲ.

ನಿಮ್ಮ ಕೈಯಲ್ಲಿ ಚೆಕ್, ಪ್ರಾಮಿಸರಿ ನೋಟ್ ಅಥವಾ ಇಂತಿಷ್ಟು ಹಣ ಎಂದು ಸ್ಪಷ್ಟವಾಗಿರುವ ಲಿಖಿತ ಒಪ್ಪಂದ ಇದ್ದರೆ, ಸಮರಿ ಸೂಟ್ (ಪೂರ್ತಿ ವಿಚಾರಣೆ ಇಲ್ಲದೆ ಬೇಗ ಮುಗಿಯಬಹುದಾದ ದಾವೆ) ಹಾಕಬಹುದಾ ಎಂದು ವಕೀಲರನ್ನು ಕೇಳಿ. ಅದರಲ್ಲಿ ಸಮನ್ಸ್ ಬಂದ 10 ದಿನದಲ್ಲಿ ಎದುರಿನವರು ಹಾಜರಾಗಬೇಕು, ಆಮೇಲೆ ವಾದ ಮಾಡಲು ಕೋರ್ಟ್‌ನ ಅನುಮತಿ ಕೇಳಬೇಕು. ನಿಜವಾದ ತಕರಾರು ಏನೂ ಇಲ್ಲದಿದ್ದರೆ ಅಲ್ಲೇ ಡಿಕ್ರಿ, ಅಂದರೆ ಹಣ ಕೊಡಬೇಕೆಂಬ ಕೋರ್ಟ್‌ನ ತೀರ್ಮಾನ. ಸಾಮಾನ್ಯ ಕಮರ್ಷಿಯಲ್ ದಾವೆಯಲ್ಲೂ ಸಮನ್ಸ್ ತಲುಪಿದ ಮೇಲೆ, ಇಶ್ಯೂ (ಕೋರ್ಟ್ ತೀರ್ಮಾನಿಸಬೇಕಾದ ಪ್ರಶ್ನೆಗಳು) ಹಾಕುವ ಮೊದಲು, ಎದುರಿನವರಿಗೆ ಗೆಲ್ಲುವ ನಿಜವಾದ ಅವಕಾಶವೇ ಇಲ್ಲ ಎಂದು ತೋರಿಸಿ ವಿಚಾರಣೆ ಇಲ್ಲದೆ ತೀರ್ಪು ಕೇಳಬಹುದು.

ದಾವೆ ನೋಂದಣಿಯಾದ ಮೇಲೆ 16 ಅಕ್ಷರದ ಸಿಎನ್‌ಆರ್ ನಂಬರ್ ಸಿಗುತ್ತದೆ. ಇ-ಕೋರ್ಟ್ಸ್ ಆಪ್‌ನಲ್ಲಿ ಅದನ್ನು ಹಾಕಿದರೆ ಮುಂದಿನ ತಾರೀಖು ಕಾಣುತ್ತದೆ. ಪ್ರತಿ ಸಲ ವಕೀಲರಿಗೆ ಫೋನ್ ಮಾಡುವ ಅಗತ್ಯ ಇಲ್ಲ.

ಸಮನ್ಸ್ ನಿಮಗೇ ಬಂದರೆ

ಇದನ್ನು ಬೇರೆಯಾಗಿ ಬರೆಯುತ್ತಿದ್ದೇನೆ, ಯಾಕೆಂದರೆ ಹೋಟೆಲ್ ನಡೆಸುವ ನಮ್ಮವರು ಎಷ್ಟೋ ಸಲ ಪ್ರತಿವಾದಿಯ ಜಾಗದಲ್ಲೂ ಇರುತ್ತಾರೆ. ಕೌಂಟರಿನಲ್ಲಿ ಕೂತ ಹುಡುಗ ಸಮನ್ಸ್ ತೆಗೆದುಕೊಂಡು ಗಲ್ಲಾದ ಕೆಳಗೆ ಹಾಕುತ್ತಾನೆ. ಮಾಲೀಕರು ಊರಿನಲ್ಲಿ ಕೋಲಕ್ಕೋ ಜಾತ್ರೆಗೋ ಹೋಗಿರುತ್ತಾರೆ. ದಿನಗಳು ಓಡುತ್ತವೆ.

ಸಮನ್ಸ್ ತಲುಪಿದ ದಿನದಿಂದ 30 ದಿನದೊಳಗೆ ಲಿಖಿತ ಹೇಳಿಕೆ ಹಾಕಬೇಕು. ಕಾರಣ ಕೊಟ್ಟು, ಕೋರ್ಟ್ ಹೇಳಿದ ಖರ್ಚು ಕಟ್ಟಿದರೆ ಹೆಚ್ಚೆಂದರೆ 120 ದಿನದವರೆಗೆ. 121ನೇ ದಿನ ಬಾಗಿಲು ಮುಚ್ಚುತ್ತದೆ. ಸಾಮಾನ್ಯ ಸಿವಿಲ್ ದಾವೆಯಲ್ಲಿ ತಡವಾದರೂ ಕೋರ್ಟ್ ದಯೆ ತೋರಿಸಬಹುದು. ಇಲ್ಲಿ ಆ ಅಧಿಕಾರವೇ ಕೋರ್ಟ್‌ಗೆ ಇಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ಹಾಗಾಗಿ ಸಮನ್ಸ್ ಬಂದ ದಿನವೇ ಅದರ ಮೇಲೆ ತಾರೀಖು ಬರೆದಿಡಿ, ಅದೇ ವಾರ ವಕೀಲರನ್ನು ನೋಡಿ.

ಹೇಳಿಕೆಯಲ್ಲಿ "ಎಲ್ಲ ಸುಳ್ಳು" ಎಂದು ಬರೆದರೆ ಆಗದು. ಯಾವ ಬಿಲ್ ಒಪ್ಪುವುದಿಲ್ಲ, ಯಾಕೆ ಒಪ್ಪುವುದಿಲ್ಲ, ನಿಜವಾಗಿ ನಡೆದದ್ದು ಏನು, ಒಂದೊಂದಕ್ಕೂ ಬೇರೆ ಬೇರೆ ಉತ್ತರ ಬೇಕು. ಸಾಮಾನು ಹಾಳಾಗಿತ್ತು ಎನ್ನುವುದಾದರೆ ಆಗಲೇ ಕಳಿಸಿದ ಮೆಸೇಜ್, ಫೋಟೊ, ವಾಪಸು ಕಳಿಸಿದ ಚಲನ್ ಬೇಕು. ನಿಮ್ಮ ಕಡೆಯ ಎಲ್ಲ ದಾಖಲೆಯೂ ಅದರ ಜೊತೆಗೇ ಹೋಗಬೇಕು.

ನಡುವಿನ ಹಂತ

ಲಿಖಿತ ಹೇಳಿಕೆ ಬಂದ ಮೇಲೆ 30 ದಿನದೊಳಗೆ ಇಬ್ಬರೂ ಪರಸ್ಪರರ ದಾಖಲೆ ನೋಡುವುದು, ಅದಾದ 15 ದಿನದೊಳಗೆ ಯಾವ ದಾಖಲೆ ಒಪ್ಪುತ್ತೇವೆ, ಯಾವುದು ಇಲ್ಲ ಎಂದು ಅಫಿಡವಿಟ್ ಕೊಡುವುದು. ಇಲ್ಲೂ ಕಾರಣ ಕೊಡದೆ ಎಲ್ಲ ಅಲ್ಲಗಳೆದರೆ ಖರ್ಚು ಬೀಳಬಹುದು. ನಮ್ಮ ಕೇಸಿನಲ್ಲಿ ಎದುರಿನವರು ಸೀಲು ಇದ್ದ ಚಲನ್‌ಗಳನ್ನು ಒಪ್ಪಲೇಬೇಕಾಯಿತು. ಸೀಲು ಇಲ್ಲದ್ದನ್ನು ಒಪ್ಪಲಿಲ್ಲ. ಇಡೀ ಕೇಸು ಕೊನೆಗೆ ಆ ಕೆಲವು ಚಲನ್‌ಗಳ ಮೇಲೆ ಬಂದು ನಿಂತಿತು.

ಅಲ್ಲಿಂದ 4 ವಾರದೊಳಗೆ ಕೇಸ್ ಮ್ಯಾನೇಜ್‌ಮೆಂಟ್ ಹಿಯರಿಂಗ್. ಯಾವ ದಿನ ಯಾರ ಸಾಕ್ಷಿ, ಯಾವ ದಿನ ವಾದ ಎಂದು ಕೋರ್ಟ್ ಅಲ್ಲೇ ವೇಳಾಪಟ್ಟಿ ಹಾಕುತ್ತದೆ. ಆ ದಿನದಿಂದ 6 ತಿಂಗಳಲ್ಲಿ ವಾದ ಮುಗಿಯಬೇಕು, ಮುಗಿದ 90 ದಿನದೊಳಗೆ ತೀರ್ಪು ಬರಬೇಕು ಎಂದು ಕಾಯ್ದೆ ಹೇಳುತ್ತದೆ. ನಮ್ಮದು ಅಷ್ಟು ಬೇಗ ಮುಗಿಯಲಿಲ್ಲ. ಕೋರ್ಟ್‌ಗಳ ಮೇಲೆ ಭಾರ ಬಹಳ ಇದೆ. ಆದರೆ ಈ ವೇಳಾಪಟ್ಟಿ ಕೈಯಲ್ಲಿದ್ದರೆ ಎದುರಿನವರು ಸುಮ್ನೆ ತಾರೀಖು ಕೇಳಿದಾಗ ನಮ್ಮ ವಕೀಲರು ಅದನ್ನು ತೋರಿಸಿ ತಡೆಯಬಹುದು. ನಮ್ಮ ಕೇಸಿನಲ್ಲಿ ಎರಡು ಸಲ ಹಾಗೆ ಆಯಿತು.

ಸಾಕ್ಷಿಗೆ ನಾನೇ ನಿಂತೆ. ಅಫಿಡವಿಟ್ ಮೊದಲೇ ಕೊಟ್ಟಿರುತ್ತೇವೆ, ನಿಲ್ಲುವುದು ಪಾಟೀಸವಾಲಿಗೆ. ಹಿಂದಿನ ದಿನ ಎಲ್ಲ ಬಿಲ್ಲುಗಳನ್ನು ಮತ್ತೆ ಓದಿ. ಗೊತ್ತಿದ್ದದ್ದಕ್ಕೆ ಗೊತ್ತು, ನೆನಪಿಲ್ಲದ್ದಕ್ಕೆ ನೆನಪಿಲ್ಲ ಎನ್ನಿ.

ಸೋತವರು ಗೆದ್ದವರ ಖರ್ಚು ಕೊಡಬೇಕು ಎನ್ನುವುದು ಇಲ್ಲಿನ ಸಾಮಾನ್ಯ ನಿಯಮ, ವಕೀಲರ ಫೀ ಕೂಡ ಅದರಲ್ಲಿ ಸೇರುತ್ತದೆ. ಖರ್ಚಾದದ್ದಕ್ಕೆಲ್ಲ ರಸೀದಿ ಇಟ್ಟುಕೊಳ್ಳಿ. ಮೇಲ್ಮನವಿಗೆ 60 ದಿನ. ನಡುನಡುವಿನ ಸಣ್ಣ ಆದೇಶಗಳನ್ನು ಮೇಲಿನ ಕೋರ್ಟ್ ಮರುಪರಿಶೀಲಿಸಲಿ ಎಂದು ಕೇಳುವ ರಿವಿಷನ್ ಇಲ್ಲಿ ಇಲ್ಲ, ಅದರಿಂದ ಎಳೆದಾಟ ಎಷ್ಟೋ ಕಡಿಮೆ.

ಡಿಕ್ರಿ ಬಂತು, ಹಣ?

ಡಿಕ್ರಿ ಬಂದ ದಿನ ಹಣ ಬರುವುದಿಲ್ಲ. ಅದಕ್ಕೆ ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸಿ ಎಂಬ ಅರ್ಜಿ, ಬೇರೆ ಹಾಕಬೇಕು. 12 ವರ್ಷ ಸಮಯ ಇದೆ, ಆದರೆ ಕಾಯಬೇಡಿ, ಅಷ್ಟರಲ್ಲಿ ಕಂಪನಿಯೇ ಖಾಲಿ ಆಗಬಹುದು. ದಾವೆ ನಡೆಯುವಾಗಲೇ ಅವರು ಆಸ್ತಿ ಮಾರಿ ಓಡುವ ಸೂಚನೆ ಇದ್ದು, ಅದಕ್ಕೆ ಆಧಾರವೂ ಇದ್ದರೆ, ತೀರ್ಪಿಗೆ ಮೊದಲೇ ಜಪ್ತಿ ಕೇಳಬಹುದು. ಮೇಲ್ಮನವಿ ಹಾಕಿದ್ದಾರೆ ಎಂಬ ಮಾತ್ರಕ್ಕೆ ವಸೂಲಿ ನಿಲ್ಲುವುದಿಲ್ಲ, ತಡೆಯಾಜ್ಞೆ ಇರಬೇಕು.

ಆಸ್ತಿ ಏನೇನಿದೆ ಎಂದು ಅವರಿಂದಲೇ ಅಫಿಡವಿಟ್ ಕೇಳಬಹುದು. ಆಸ್ತಿ ಮಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇದ್ದರೆ ಡಿಕ್ರಿಯನ್ನು ಅಲ್ಲಿನ ಕೋರ್ಟ್‌ಗೆ ವರ್ಗ ಮಾಡಿಸಬಹುದು. ಆದರೆ ಎಲ್ಲಕ್ಕಿಂತ ಬೇಗ ಕೆಲಸ ಮಾಡುವುದು ಬ್ಯಾಂಕ್ ಖಾತೆಯ ಜಪ್ತಿ. ಅದಕ್ಕೆ ಖಾತೆ ಯಾವ ಬ್ಯಾಂಕ್, ಯಾವ ಶಾಖೆ, ನಂಬರ್ ಏನು ಎಂದು ನಾವು ಹೇಳಬೇಕು. ಹಾಗಾಗಿ ಗಿರಾಕಿ ಕೊಟ್ಟ ಪ್ರತಿ ಚೆಕ್ಕಿನ ಫೋಟೊ ತೆಗೆದಿಡಿ, ಆನ್‌ಲೈನ್ ಹಣ ಬಂದ ಖಾತೆಯ ವಿವರ ಬರೆದಿಡಿ.

ಆ ಕಂಪನಿ ಡಿಕ್ರಿ ಆದ ಮೇಲೂ ಮೂರು ತಿಂಗಳು ಅಲುಗಾಡಲಿಲ್ಲ. ಭಾವ ಹಳೆಯ ಫೈಲ್ ತಿರುವಿ ಹಾಕಿದಾಗ, ಅವರು ಮೊದಲ ವರ್ಷ ಕೊಟ್ಟಿದ್ದ ಒಂದು ಚೆಕ್ಕಿನ ಜೆರಾಕ್ಸ್ ಸಿಕ್ಕಿತು. ಆ ಖಾತೆ ಇನ್ನೂ ನಡೆಯುತ್ತಿತ್ತು. ಜಪ್ತಿಯ ಅರ್ಜಿಯ ಪ್ರತಿ ಅವರ ಕೈ ಸೇರಿದ ಎಂಟನೇ ದಿನ ಅವರ ವಕೀಲರು ನಮ್ಮ ವಕೀಲರಿಗೆ ಫೋನ್ ಮಾಡಿ, ಡಿಮಾಂಡ್ ಡ್ರಾಫ್ಟ್ ಯಾರ ಹೆಸರಿಗೆ ಮಾಡಿಸಬೇಕು ಎಂದು ಕೇಳಿದರು.